ಗಡ್ಡೆಗೆ ರಕ್ತ ಹರಿದು ಬರುವ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ಯಾನ್ಸರ್ ಗಡ್ಡೆಗಳು ತಮಗೆ ಬೇಕಾದ ರಕ್ತನಾಳಗಳನ್ನು ಹೊಸದಾಗಿ ಬೆಳೆಸಿಕೊಳ್ಳುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದ ಟಿಪ್ಪಣಿಗೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಕೇಳಿರುವುದು ಟಿಪ್ಪಣಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದ ಪ್ರಾಣಿಪ್ರಯೋಗಗಳ ಬಗ್ಗೆ. ಹಾಗೆ ಒಂದೇ ಸಾಲಿನಲ್ಲಿ ಮುಗಿಸಬಾರದಾಗಿತ್ತು ಎಂದು ಪತ್ರಗಳನ್ನು ಓದಿದ ಮೇಲೆ ನನಗೂ ಅನಿಸಿದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗಡ್ಡೆಯಲ್ಲಿ ರಕ್ತನಾಳ ಬೆಳೆಯುವುದನ್ನು ತಿಳಿಯಲು ಬದುಕಿರುವ ಪ್ರಾಣಿಯೇ ಏಕೆ ಬೇಕು? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲೋ ಆಪರೇಷನ್ ಮಾಡಿ ತೆಗೆದ ಗಡ್ಡೆಯ ಸ್ಲೈಡಿನಲ್ಲೋ ಇದನ್ನು ನೋಡಲು ಆಗುವುದಿಲ್ಲವೆ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೋಡಬಹುದು, ಆದರೆ ಅರ್ಧವನ್ನು ಮಾತ್ರ. ತೆಗೆದ ಗಡ್ಡೆಯನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ತೆಳುವಾಗಿ ಕತ್ತರಿಸಿ, ರಕ್ತನಾಳದ ಒಳಪದರದ ಜೀವಕೋಶಗಳಿಗೆ ಮಾತ್ರ ಹಿಡಿಯುವಂತೆ ಬಣ್ಣ ಹಾಕಿದರೆ ನಾಳಗಳು ಕಂದು ಗೆರೆಗಳಾಗಿ, ಉಂಗುರಗಳಾಗಿ ಕಾಣುತ್ತವೆ, ಅವನ್ನು ಎಣಿಸಲೂಬಹುದು. ಆದರೆ ಆ ನಾಳ ಹಿಂದಿನ ದಿನ ಅಲ್ಲಿತ್ತೆ, ಯಾವ ಹಳೆಯ ನಾಳದಿಂದ ಅದು ಕವಲೊಡೆಯಿತು, ಅದರೊಳಗೆ ರಕ್ತ ನಿಜವಾಗಿ ಹರಿಯುತ್ತಿತ್ತೆ ಅಥವಾ ಅದು ಬರಿದಾಗಿ ನಿಂತಿತ್ತೆ ಎಂಬುದನ್ನು ಸ್ಲೈಡು ಹೇಳಲಾರದು. ಗಾಜಿನ ತಟ್ಟೆಯಲ್ಲಿ ರಕ್ತನಾಳದ ಜೀವಕೋಶಗಳು ಚಲಿಸುವುದನ್ನು, ಕೊಳವೆಯಂತೆ ಜೋಡಿಕೊಳ್ಳುವುದನ್ನು ಕಾಣಬಹುದು ಮತ್ತು ಒಂದು ರಾಸಾಯನಿಕ ಅವುಗಳ ಮೇಲೆ ಏನು ಮಾಡುತ್ತದೆ ಎಂಬ ಮೊದಲ ಸುಳಿವು ಸಿಗುವುದು ಅಲ್ಲಿಯೇ. ಆದರೆ ಆ ಕೊಳವೆಗಳ ಹಿಂದೆ ಮಿಡಿಯುವ ಹೃದಯವಿಲ್ಲ, ಒಳಗೆ ರಕ್ತದ ಒತ್ತಡವಿಲ್ಲ, ಸುತ್ತ ರೋಗನಿರೋಧಕ ಕೋಶಗಳಿಲ್ಲ.

ಈ ಕೊರತೆ ಎಷ್ಟು ದೊಡ್ಡದು ಎನ್ನುವುದು ಈ ಶಾಸ್ತ್ರ ಹುಟ್ಟಿದ ಬಗೆಯಿಂದಲೇ ತಿಳಿಯುತ್ತದೆ. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1960ರ ದಶಕದ ಆರಂಭದಲ್ಲಿ ಬೆಥೆಸ್ಡಾದ ನೌಕಾಪಡೆಯ ಪ್ರಯೋಗಾಲಯದಲ್ಲಿ ರಕ್ತಕ್ಕೆ ಬದಲಿಯಾಗಿ ಬಳಸಬಹುದಾದ ದ್ರವವೊಂದನ್ನು ಪರೀಕ್ಷಿಸುತ್ತಿದ್ದರು. ಪ್ರಾಣಿಯ ದೇಹದಿಂದ ಬಿಡಿಸಿ ತೆಗೆದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅದರ ನಾಳಗಳಲ್ಲಿ ಆ ದ್ರವವನ್ನು ಹರಿಸಿ ಜೀವಂತವಾಗಿ ಉಳಿಸಿ, ಅದರೊಳಗೆ ಇಲಿಯ ಕ್ಯಾನ್ಸರ್ ಕೋಶಗಳನ್ನು ಸೇರಿಸಿದಾಗ ಗಡ್ಡೆಗಳು ಹುಟ್ಟಿದವು. ಆದರೆ ಒಂದೆರಡು ಮಿಲಿಮೀಟರ್ ಆಗುವಷ್ಟರಲ್ಲಿ ಬೆಳವಣಿಗೆ ನಿಂತುಬಿಟ್ಟಿತು. ಕೋಶಗಳು ಸತ್ತಿರಲಿಲ್ಲ. ಅದೇ ಗಡ್ಡೆಗಳನ್ನು ತೆಗೆದು ಮತ್ತೆ ಇಲಿಗಳ ದೇಹಕ್ಕೆ ಕಸಿ ಮಾಡಿದಾಗ ಅವು ಭರದಿಂದ ಬೆಳೆದವು. ಪಾತ್ರೆಯಲ್ಲಿದ್ದ ಗಡ್ಡೆಗೆ ಹೊಸ ರಕ್ತನಾಳಗಳು ಬಂದಿರಲಿಲ್ಲ, ಇಲಿಯೊಳಗಿದ್ದ ಗಡ್ಡೆಗೆ ಬಂದಿದ್ದವು. ಅಂಗಾಂಶದಲ್ಲಿ ಆಮ್ಲಜನಕ ರಕ್ತನಾಳದಿಂದ 100ರಿಂದ 200 ಮೈಕ್ರೋಮೀಟರ್‌ಗಳಷ್ಟು ದೂರ ಮಾತ್ರ ಹರಡಬಲ್ಲದು (ಸಾವಿರ ಮೈಕ್ರೋಮೀಟರ್ ಸೇರಿದರೆ ಒಂದು ಮಿಲಿಮೀಟರ್). ಅದಕ್ಕಿಂತ ಆಚೆ ಇರುವ ಕೋಶಕ್ಕೆ ಉಸಿರೇ ಇಲ್ಲ. ಗಡ್ಡೆಗೆ ಹೊಸ ನಾಳಗಳು ಬಾರದಂತೆ ತಡೆದರೆ ಅದನ್ನು ಹಿಡಿದಿಡಬಹುದು ಎಂಬ ವಿಚಾರವನ್ನು ಫೋಕ್‌ಮನ್ 1971ರಲ್ಲಿ ಪ್ರಕಟಿಸಿದರು. ಬಹುಕಾಲ ಅನೇಕರು ಅದನ್ನು ನಂಬಲಿಲ್ಲ.

ನಂಬುವಂತೆ ಮಾಡಿದ್ದು ಮೊಲದ ಕಣ್ಣು. ಅವರ ತಂಡ ಗಡ್ಡೆಯ ಚೂರುಗಳನ್ನು ಮೊಲದ ಕಣ್ಣಿನ ಮುಂಭಾಗದ ನೀರಿನಲ್ಲಿ, ಕಣ್ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನಿಂದ ದೂರ ತೇಲುವಂತೆ ಇಟ್ಟಾಗ ಅವು ವಾರಗಟ್ಟಲೆ ಬದುಕಿದ್ದೂ ಬೆಳೆಯಲಿಲ್ಲ. ಅಂಥದೇ ಚೂರು ರಕ್ತನಾಳಗಳಿರುವ ಐರಿಸ್‌ಗೆ ತಾಗಿ ಕೂತಾಗ ನಾಳಗಳು ಅದರೊಳಗೆ ನುಗ್ಗಿ, ಗಡ್ಡೆ ಎರಡು ವಾರಗಳಲ್ಲಿ ಸಾವಿರಾರು ಪಟ್ಟು ಹಿಗ್ಗಿತು. ಆಮೇಲೆ 1974ರಲ್ಲಿ ಕಾರ್ನಿಯಾದ ಪ್ರಯೋಗ ಬಂತು. ಕಣ್ಣಿನ ಮುಂದಿನ ಈ ಪಾರದರ್ಶಕ ಪದರದಲ್ಲಿ ಸಹಜವಾಗಿ ಒಂದೂ ರಕ್ತನಾಳ ಇರುವುದಿಲ್ಲ. ಅದರಲ್ಲಿ ಸಣ್ಣ ಜೇಬಿನಂತೆ ಸೀಳಿ ಗಡ್ಡೆಯ ಚೂರನ್ನು ಇಟ್ಟರೆ, ಬಿಳಿಗುಡ್ಡೆಯ ಅಂಚಿನಿಂದ ಹೊರಟ ಎಳೆನಾಳಗಳು ದಿನದಿನಕ್ಕೂ ಗಡ್ಡೆಯತ್ತ ಸಾಗಿ ಬರುವುದು ಕಾಣುತ್ತದೆ. ಅಲ್ಲಿ ಕಾಣುವ ಪ್ರತಿಯೊಂದು ನಾಳವೂ ಹೊಸದೇ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಪ್ರಶ್ನೆ: ಚರ್ಮದ ಕೆಳಗೆ, ದೇಹದ ಒಳಗೆ ನಡೆಯುವುದನ್ನು ಪ್ರಾಣಿ ಬದುಕಿರುವಾಗಲೇ ನೋಡುವುದು ಹೇಗೆ? ಪ್ರತಿದಿನ ಕೊಯ್ದು ನೋಡುತ್ತಾರೆಯೆ?
(ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಇಲ್ಲ. ಒಮ್ಮೆ ಕಿಟಕಿ ಇಡುತ್ತಾರೆ. ಇದು ಉಪಮೆಯಲ್ಲ, ಪ್ರಯೋಗಾಲಯದವರು ನಿಜವಾಗಿ ಬಳಸುವ ಮಾತು.

ಮೊಲದ ಕಿವಿಯಲ್ಲಿ ಪಾರದರ್ಶಕ ಗಾಜಿನ ಕೋಣೆಯನ್ನು ಕೂರಿಸಿ ರಕ್ತನಾಳಗಳನ್ನು ನೋಡುವ ಪದ್ಧತಿ 1920ರ ದಶಕದಲ್ಲೇ ಆರಂಭವಾಗಿತ್ತು. 1939ರಲ್ಲಿ ಅಂಥ ಕೋಣೆಯಲ್ಲಿ ಗಡ್ಡೆಯೊಂದನ್ನು ಬೆಳೆಸಿ, ಅದರ ಸುತ್ತ ನಾಳಗಳು ಹಬ್ಬುವುದನ್ನು ಗಮನಿಸಿದರು. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಗ್ಲೆನ್ ಆಲ್ಜೈರ್ ಅದನ್ನು ಇಲಿಯ ಬೆನ್ನಿಗೆ ತಂದರು. ಇಂದಿಗೂ ಬಳಕೆಯಲ್ಲಿರುವುದು ಅದರ ಸುಧಾರಿತ ರೂಪವೇ. ಇಲಿಯ ಬೆನ್ನಿನ ಚರ್ಮ ಸಡಿಲವಾಗಿರುವುದರಿಂದ ಅದನ್ನು ಮಡಿಕೆಯಾಗಿ ಮೇಲಕ್ಕೆ ಎತ್ತಬಹುದು. ಅರಿವಳಿಕೆ ಕೊಟ್ಟು, ಆ ಮಡಿಕೆಯ ಎರಡೂ ಪಕ್ಕಕ್ಕೆ ಟೈಟಾನಿಯಂ ಲೋಹದ ಹಗುರವಾದ ಚೌಕಟ್ಟನ್ನು ಹೊಲಿದು ಬಿಗಿದು, ಒಂದು ಪಕ್ಕದ ಚರ್ಮವನ್ನು ಸುಮಾರು ಒಂದು ಸೆಂಟಿಮೀಟರ್ ಅಗಲದ ವೃತ್ತವಾಗಿ ತೆಗೆದು, ಆ ಜಾಗಕ್ಕೆ ದುಂಡನೆಯ ತೆಳುಗಾಜನ್ನು ಕೂರಿಸುತ್ತಾರೆ. ಒಂದೆರಡು ದಿನ ಸುಧಾರಿಸಿಕೊಳ್ಳಲು ಬಿಟ್ಟ ಮೇಲೆ ಗಾಜನ್ನು ಎತ್ತಿ ಕ್ಯಾನ್ಸರ್ ಕೋಶಗಳ ಸಣ್ಣ ಹನಿಯನ್ನೋ ಗಡ್ಡೆಯ ಚೂರನ್ನೋ ಒಳಗಿಟ್ಟು ಮತ್ತೆ ಮುಚ್ಚುತ್ತಾರೆ. ಅಲ್ಲಿಂದ ಸುಮಾರು ಎರಡು ವಾರ ಅದೇ ಇಲಿಯನ್ನು, ಅದೇ ಜಾಗವನ್ನು, ಕೆಲವೊಮ್ಮೆ ಅದೇ ಒಂದು ನಾಳದ ಕವಲನ್ನು ದಿನವೂ ಸೂಕ್ಷ್ಮದರ್ಶಕದ ಅಡಿ ಇಟ್ಟು ನೋಡಬಹುದು.

ನಾನು ಮೊದಲ ಸಲ ಆ ಕಿಟಕಿಯೊಳಗೆ ಕಣ್ಣಿಟ್ಟ ದಿನ ಈಗಲೂ ನೆನಪಿದೆ. ಬಾಲದ ರಕ್ತನಾಳಕ್ಕೆ ಹೊಳೆಯುವ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಜಾತಿಯ ವಸ್ತುವಿನ ದ್ರಾವಣವನ್ನು ಕೊಟ್ಟಿದ್ದರು. ಆರೋಗ್ಯವಾಗಿದ್ದ ಅಂಚಿನಲ್ಲಿ ನಾಳಗಳು ಮರದ ಕೊಂಬೆಗಳ ಹಾಗೆ ದಪ್ಪದಿಂದ ಸಣ್ಣಕ್ಕೆ ಕ್ರಮವಾಗಿ ಕವಲೊಡೆದಿದ್ದವು ಮತ್ತು ಕೆಂಪು ರಕ್ತಕಣಗಳು ಲೋಮನಾಳಗಳಲ್ಲಿ ಒಂದರ ಹಿಂದೊಂದು ಸಾಲಾಗಿ, ಬಣ್ಣದ ನಡುವೆ ಕಪ್ಪು ಚುಕ್ಕೆಗಳಾಗಿ, ಓಡುತ್ತಿದ್ದವು. ಗಡ್ಡೆಯ ಕಡೆಗೆ ತಿರುಗಿಸಿದೊಡನೆ ಆ ಕ್ರಮವೆಲ್ಲ ಕಳೆದುಹೋಯಿತು. ಅಲ್ಲಿಯ ನಾಳಗಳು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಬತ್ತಿ, ಸುರುಳಿ ಸುತ್ತಿ, ಎಲ್ಲಿಗೂ ತಲಪದೆ ಕೊನೆಗೊಂಡಿದ್ದವು. ಒಂದು ನಾಳದಲ್ಲಿ ರಕ್ತ ಹರಿಯುತ್ತಿದ್ದದ್ದು ನೋಡನೋಡುತ್ತಿದ್ದಂತೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಎದುರು ದಿಕ್ಕಿಗೆ ಹರಿಯತೊಡಗಿತು. ಬಣ್ಣ ನಾಳದ ಗೋಡೆಯಿಂದ ಒಸರಿ ಸುತ್ತಲೂ ಮಂಜಿನಂತೆ ಹರಡುತ್ತಿತ್ತು. ಸ್ಲೈಡಿನಲ್ಲಾಗಿದ್ದರೆ ಅದೂ ಒಂದು ಕಂದು ಉಂಗುರ, ಇದೂ ಒಂದು ಕಂದು ಉಂಗುರ, ಅಷ್ಟೆ.

ಈ ಒಸರುವಿಕೆಗೆ ಚಿಕಿತ್ಸೆಯಲ್ಲಿ ನೇರವಾದ ಅರ್ಥವಿದೆ. ನಾಳಗಳು ಒಸರುವುದರಿಂದ ಗಡ್ಡೆಯೊಳಗಿನ ದ್ರವದ ಒತ್ತಡ ಏರುತ್ತದೆ, ಒತ್ತಡ ಏರಿದಾಗ ರಕ್ತದ ಮೂಲಕ ಕೊಟ್ಟ ಔಷಧ ಒಳಗೆ ಇಳಿಯುವುದಿಲ್ಲ. ಭಾರತದಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಬೋಸ್ಟನ್ನಿನಲ್ಲಿ ಕೆಲಸ ಮಾಡಿದ ರಾಕೇಶ್ ಜೈನ್ ಇಂಥ ಕಿಟಕಿಗಳ ಮೂಲಕ ವರ್ಷಾನುಗಟ್ಟಲೆ ನೋಡಿ ಅಳೆದು, ನಾಳಗಳನ್ನು ಕಡಿದುಹಾಕುವುದಕ್ಕಿಂತ ಮೊದಲು ಅವನ್ನು ಸ್ವಲ್ಪ ಕಾಲ ಸರಿಪಡಿಸಿದರೆ ಕೀಮೋಥೆರಪಿ ಗಡ್ಡೆಯೊಳಕ್ಕೆ ಚೆನ್ನಾಗಿ ತಲಪುತ್ತದೆ ಎಂಬ ವಿಚಾರವನ್ನು 2001ರಲ್ಲಿ ಮುಂದಿಟ್ಟರು. ನಾಳವನ್ನು ತಡೆಯುವ ಔಷಧವೇ ಇನ್ನೊಂದು ಔಷಧಕ್ಕೆ ದಾರಿ ಮಾಡಿಕೊಡಬಹುದು ಎಂಬುದು ಸತ್ತ ಅಂಗಾಂಶವನ್ನಷ್ಟೇ ನೋಡಿದವರಿಗೆ ಹೊಳೆಯುವ ಮಾತಲ್ಲ.

ಕಿಟಕಿಯಿಂದ ನೋಡುವುದಕ್ಕೂ ಮಿತಿಗಳಿವೆ. ಒಳ್ಳೆಯ ಲೇಸರ್ ಸೂಕ್ಷ್ಮದರ್ಶಕ ಕೂಡ ಕೆಲವು ನೂರು ಮೈಕ್ರೋಮೀಟರ್ ಆಳದವರೆಗೆ ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಆಳದ ಗಡ್ಡೆಗಳಿಗೆ ಎಂಆರ್‌ಐ, ಅಲ್ಟ್ರಾಸೌಂಡ್ ಬೇಕು, ಅವುಗಳಲ್ಲಿ ಒಂದೊಂದೇ ಲೋಮನಾಳ ಕಾಣುವುದಿಲ್ಲ. ಅರಿವಳಿಕೆ ಹೆಚ್ಚಾದರೆ ರಕ್ತದ ಒತ್ತಡ ಇಳಿದು ಹರಿವು ನಿಧಾನವಾಗುತ್ತದೆ, ಇಲಿಯ ಮೈ ತಣ್ಣಗಾದರೂ ಹಾಗೆಯೇ ಆಗುತ್ತದೆ. ಅದಕ್ಕಾಗಿ ಇಲಿಯನ್ನು 37 ಡಿಗ್ರಿಗೆ ಹೊಂದಿಸಿದ ಬಿಸಿ ಹಾಸಿನ ಮೇಲೆ ಮಲಗಿಸುತ್ತಾರೆ. ಈ ಎಚ್ಚರಿಕೆ ತಪ್ಪಿದರೆ ಔಷಧದಿಂದ ಹರಿವು ಕಡಿಮೆಯಾಯಿತು ಎಂದು ಬರೆದುಕೊಂಡದ್ದು ನಿಜವಾಗಿ ಚಳಿಯಿಂದ ಆದದ್ದಾಗಿರಬಹುದು.

ಪ್ರಶ್ನೆ: ಕೋಳಿಮೊಟ್ಟೆಯಲ್ಲಿ ಮತ್ತು ಮೀನಿನ ಮರಿಯಲ್ಲಿ ಇದೇ ಪ್ರಯೋಗ ಮಾಡುತ್ತಾರೆಂದು ಓದಿದೆ. ಹಾಗಿದ್ದರೆ ಇಲಿ, ಮೊಲಗಳನ್ನು ಬಿಟ್ಟುಬಿಡಬಹುದಲ್ಲ?
(ಓದುಗರು, ಶಿವಮೊಗ್ಗ)

ಉತ್ತರ: ಬಹಳಷ್ಟು ಕೆಲಸಕ್ಕೆ ಬಿಡಬಹುದು, ಬಿಡುತ್ತಲೂ ಇದ್ದಾರೆ. ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಎಂಟು ಹತ್ತನೆಯ ದಿನದ ಹೊತ್ತಿಗೆ ಸಣ್ಣ ಚೌಕ ಕತ್ತರಿಸಿದರೆ, ಭ್ರೂಣದ ಉಸಿರಾಟಕ್ಕೆಂದು ಚಿಪ್ಪಿನ ಒಳಬದಿಗೆ ಹರಡಿಕೊಂಡಿರುವ ರಕ್ತನಾಳ ತುಂಬಿದ ಪೊರೆ ಕಾಣುತ್ತದೆ. ಅದರ ಮೇಲೆ ಗಡ್ಡೆಯ ಚೂರಿಟ್ಟರೆ ಕೆಲವೇ ದಿನಗಳಲ್ಲಿ ನಾಳಗಳು ಗಾಡಿಚಕ್ರದ ಅರೆಕಾಲುಗಳಂತೆ ಅದರತ್ತ ಸಾಗಿ ಬರುತ್ತವೆ. ಆ ಪೊರೆಯಲ್ಲಿ ನೋವಿನ ನರಗಳಿಲ್ಲ, ಭ್ರೂಣದ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿಲ್ಲವಾದ್ದರಿಂದ ಮನುಷ್ಯರ ಗಡ್ಡೆಯನ್ನೂ ಅದು ತಳ್ಳಿಹಾಕುವುದಿಲ್ಲ, ಖರ್ಚೂ ಕಡಿಮೆ. ತೊಂದರೆಯೆಂದರೆ, ಆ ಪೊರೆಯಲ್ಲಿ ನಾಳಗಳು ಹೇಗೂ ಬೆಳೆಯುತ್ತಲೇ ಇರುತ್ತವೆ. ಕತ್ತರಿಸುವಾಗ ಉದುರಿದ ಚಿಪ್ಪಿನ ಪುಡಿಯ ಸುತ್ತಲೂ ಉರಿಯೂತವಾಗಿ ನಾಳಗಳು ಕೂಡಿಕೊಳ್ಳಬಹುದು. ಅಲ್ಲದೆ 21ನೆಯ ದಿನಕ್ಕೆ ಮರಿ ಹೊರಬರುವುದರಿಂದ ನೋಡಲು ಸಿಗುವ ಕಾಲ ಚಿಕ್ಕದು.

ಜೀಬ್ರಾಮೀನಿನ ಭ್ರೂಣವಂತೂ ಗಾಜಿನಷ್ಟು ಪಾರದರ್ಶಕ. ರಕ್ತನಾಳಗಳೆಲ್ಲ ಹಸಿರಾಗಿ ಹೊಳೆಯುವಂತೆ ತಳಿ ತಿದ್ದಿದ ಮೀನುಗಳು 2002ರಿಂದ ಲಭ್ಯವಿವೆ, ಎರಡು ದಿನದ ಭ್ರೂಣಕ್ಕೆ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರೆ ಒಂದೆರಡು ದಿನಗಳಲ್ಲೇ ಹಸಿರು ಕವಲುಗಳು ಅವುಗಳತ್ತ ಹೊರಡುತ್ತವೆ. ಆದರೆ ಈ ಮೀನಿಗೆ ಒಗ್ಗುವುದು 28 ಡಿಗ್ರಿಯ ನೀರು, ಮನುಷ್ಯರ ಕೋಶಕ್ಕೆ ಬೇಕಾದದ್ದು 37 ಡಿಗ್ರಿ; ಎರಡರ ನಡುವಿನ ಯಾವುದೋ ಉಷ್ಣತೆಗೆ ಇಬ್ಬರನ್ನೂ ಒಗ್ಗಿಸಬೇಕಾಗುತ್ತದೆ. ನೂರಾರು ರಾಸಾಯನಿಕಗಳಲ್ಲಿ ಯಾವುದನ್ನು ಮುಂದಕ್ಕೆ ಒಯ್ಯಬೇಕು ಎಂದು ಆಯ್ದುಕೊಳ್ಳಲು ಮೊಟ್ಟೆ ಮತ್ತು ಮೀನು ಸಾಕು. ಆ ಔಷಧ ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತದೆಯೆ, ಯಕೃತ್ತು ಅದನ್ನು ಏನು ಮಾಡುತ್ತದೆ, ವಾರಗಟ್ಟಲೆ ಕೊಟ್ಟರೆ ಗಾಯ ಮಾಯುವುದಕ್ಕೆ ಅಡ್ಡಿಯಾಗುತ್ತದೆಯೆ ಎಂಬ ಪ್ರಶ್ನೆಗಳಿಗೆ ಇಂದಿಗೂ ಸಸ್ತನಿಯೇ ಬೇಕು. ಥಾಲಿಡೊಮೈಡ್ ಔಷಧದ ಕಥೆ ನೋಡಿ. ಅದು ರಕ್ತನಾಳ ಬೆಳೆಯುವುದನ್ನು ತಡೆಯುತ್ತದೆ ಎಂದು 1994ರಲ್ಲಿ ತೋರಿಸಿಕೊಟ್ಟದ್ದು ಬಾಯಿಯ ಮೂಲಕ ಔಷಧ ಪಡೆದ ಮೊಲದ ಕಾರ್ನಿಯಾ. ಇಲಿಯ ದೇಹ ಆ ಔಷಧವನ್ನು ಬೇರೆ ರೀತಿಯಲ್ಲಿ ಅರಗಿಸುತ್ತದೆ. ಅಂದು ಇಲಿಯನ್ನೇ ನೆಚ್ಚಿಕೊಂಡಿದ್ದರೆ ಆ ಗುಣ ಕಣ್ಣಿಗೆ ಬೀಳುವುದೇ ಕಷ್ಟವಾಗುತ್ತಿತ್ತು.

ಪ್ರಶ್ನೆ: ನನ್ನ ತಂದೆಯವರಿಗೆ ದೊಡ್ಡಕರುಳಿನ ಕ್ಯಾನ್ಸರ್. ಕೀಮೋ ಜೊತೆಗೆ ಬೆವಾಸಿಜುಮಾಬ್ ಕೊಡುತ್ತಿದ್ದಾರೆ. ಇಂಥ ಔಷಧದಿಂದ ಇಲಿಗಳಲ್ಲಿ ಗಡ್ಡೆ ಕರಗಿಹೋಗುತ್ತದೆ ಎಂದು ಓದಿದ್ದೆ. ಮನುಷ್ಯರಲ್ಲಿ ಏಕೆ ಹಾಗಾಗುವುದಿಲ್ಲ? ಜೊತೆಗೆ ಅರಿಶಿನವೂ ಇದೇ ಕೆಲಸ ಮಾಡುತ್ತದೆ ಎನ್ನುತ್ತಾರೆ, ಕೊಡಬಹುದೆ?
(ಓದುಗರು, ಬಳ್ಳಾರಿ)

ಉತ್ತರ: ತಮ್ಮ ತಂದೆಯವರು ಪಡೆಯುತ್ತಿರುವ ಔಷಧ ಈ ಪ್ರಯೋಗಗಳ ನೇರ ಫಲವೇ ಆಗಿದೆ. ರಕ್ತನಾಳ ಬೆಳೆಯಲು ಗಡ್ಡೆ ಕಳಿಸುವ ಸಂಕೇತಗಳಲ್ಲಿ ಮುಖ್ಯವಾದದ್ದು ವಿಇಜಿಎಫ್ ಎಂಬ ಪ್ರೋಟೀನು; 1989ರಲ್ಲಿ ನೆಪೊಲಿಯೊನೆ ಫೆರಾರಾ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿದರು. 1993ರಲ್ಲಿ ಅದರ ವಿರುದ್ಧದ ಪ್ರತಿಕಾಯವನ್ನು ಮನುಷ್ಯರ ಗಡ್ಡೆ ಹೊತ್ತ ಇಲಿಗಳಿಗೆ ಕೊಟ್ಟಾಗ ಗಡ್ಡೆಗಳ ಬೆಳವಣಿಗೆ ಕುಂಠಿತವಾಯಿತು. ಅದೇ ಪ್ರತಿಕಾಯವನ್ನು ಮನುಷ್ಯರಿಗೆ ಹೊಂದುವಂತೆ ತಿದ್ದಿದ್ದು ಬೆವಾಸಿಜುಮಾಬ್. ಹರಡಿದ ಕರುಳಿನ ಕ್ಯಾನ್ಸರ್ ಇದ್ದ 800ಕ್ಕೂ ಹೆಚ್ಚು ಜನರ ಪರೀಕ್ಷೆಯಲ್ಲಿ ಕೀಮೋ ಮಾತ್ರ ಪಡೆದವರ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ಜನ ಬದುಕುಳಿದಿದ್ದ ಕಾಲ) 15.6 ತಿಂಗಳಿದ್ದರೆ, ಇದನ್ನೂ ಪಡೆದವರದು 20.3 ತಿಂಗಳಿತ್ತು, ಆ ಆಧಾರದ ಮೇಲೆ 2004ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಸುಮಾರು ಐದು ತಿಂಗಳು. ಒಂದು ಮನೆಗೆ ಅದು ಸಣ್ಣ ಅವಧಿಯಲ್ಲ, ಆದರೆ ಗಡ್ಡೆ ಕರಗಿಹೋಯಿತು ಎನ್ನುವ ಮಾತೂ ಅಲ್ಲ. ಸ್ತನ ಕ್ಯಾನ್ಸರ್‌ಗೆ 2008ರಲ್ಲಿ ಕೊಟ್ಟಿದ್ದ ಒಪ್ಪಿಗೆಯನ್ನು, ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲವೆಂದು, 2011ರಲ್ಲಿ ಹಿಂದಕ್ಕೆ ಪಡೆದರು.

ಇಲಿಗೂ ಮನುಷ್ಯರಿಗೂ ಇಷ್ಟು ಅಂತರ ಬರಲು ಕಾರಣಗಳಿವೆ. ಪ್ರಯೋಗದ ಇಲಿಯಲ್ಲಿ ಗಡ್ಡೆ ಎರಡು ಮೂರು ವಾರಗಳಲ್ಲಿ ಬೆಳೆಯುತ್ತದೆ. ಅದರ ನಾಳಗಳೆಲ್ಲ ಎಳೆಯವು ಮತ್ತು ಎಳೆಯ ನಾಳಗಳಿಗೆ ಬದುಕಿರಲು ವಿಇಜಿಎಫ್ ಬೇಕೇ ಬೇಕು. ಮನುಷ್ಯರ ಗಡ್ಡೆ ವರ್ಷಾನುಗಟ್ಟಲೆ ಬೆಳೆದಿರುತ್ತದೆ, ಅದರ ಎಷ್ಟೋ ನಾಳಗಳು ಗೋಡೆ ಬಲಿತು ನಿಂತಿರುತ್ತವೆ. ಒಂದು ಸಂಕೇತವನ್ನು ತಡೆದರೆ ಗಡ್ಡೆ ಇನ್ನೊಂದನ್ನು ಬಳಸುತ್ತದೆ. ಹೊಸ ನಾಳ ಸಿಗದಿದ್ದಾಗ ಅಂಗದಲ್ಲಿ ಮೊದಲೇ ಇರುವ ನಾಳಗಳನ್ನು ತಬ್ಬಿಕೊಂಡು ಬೆಳೆಯುತ್ತದೆ. ಇನ್ನೊಂದು ಸೂಕ್ಷ್ಮವೆಂದರೆ, ಬೆವಾಸಿಜುಮಾಬ್ ಮನುಷ್ಯರ ವಿಇಜಿಎಫ್‌ಗೆ ಚೆನ್ನಾಗಿ ಅಂಟುತ್ತದೆ, ಇಲಿಯದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಇಲಿಯೊಳಗೆ ಮನುಷ್ಯರ ಗಡ್ಡೆ ಇಟ್ಟಾಗ ಔಷಧ ತಡೆಯುವುದು ಗಡ್ಡೆಯ ಸಂಕೇತವನ್ನೇ ಹೊರತು ಇಲಿಯ ದೇಹದ ಉಳಿದ ಕೆಲಸಗಳನ್ನಲ್ಲ. ಹೀಗಾಗಿ ಅಡ್ಡಪರಿಣಾಮಗಳ ವಿಷಯದಲ್ಲಿ ಆ ಇಲಿ ಕೊಡುವ ಭರವಸೆಯನ್ನು ಪೂರ್ತಿ ನಂಬುವಂತಿಲ್ಲ. 1998ರಲ್ಲಿ ರಕ್ತನಾಳ ಬೆಳೆಯುವುದನ್ನು ತಡೆಯುವ ಎಂಡೊಸ್ಟಾಟಿನ್ ಎಂಬ ವಸ್ತುವಿನ ಬಗ್ಗೆ ಪತ್ರಿಕೆಯೊಂದರ ಮುಖಪುಟದಲ್ಲಿ ಸುದ್ದಿ ಬಂದಾಗ ಜಗತ್ತಿನ ರೋಗಿಗಳೆಲ್ಲ ಆಸೆಯಿಂದ ಎದ್ದು ಕೂತರು. ಕ್ಯಾನ್ಸರ್ ಬಂದಿರುವುದು ಇಲಿಗಾದರೆ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಫೋಕ್‌ಮನ್ ಆಗಲೇ ಎಚ್ಚರಿಸಿದ್ದರು. ಆ ಮಾತಿಗಿಂತ ಸುದ್ದಿಯೇ ಹೆಚ್ಚು ದೂರ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅರಿಶಿನದ ವಿಷಯ. ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಸಾರವಾದ ಕರ್ಕ್ಯುಮಿನ್ ಇಲಿಯ ಉದರದಲ್ಲಿ ಬೆಳೆಸಿದ ಎರ್ಲಿಕ್ ಎಂಬ ಜಾತಿಯ ಗಡ್ಡೆಕೋಶಗಳ ಸುತ್ತ ರಕ್ತನಾಳ ಬೆಳೆಯುವುದನ್ನು ತಗ್ಗಿಸಿದ್ದು ನಿಜ. ಅದು ನಮ್ಮ ನಾಡಿನಲ್ಲಿ ನಡೆದ ಒಳ್ಳೆಯ ಕೆಲಸ. ಆದರೆ ಬಾಯಿಯಲ್ಲಿ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಅಲ್ಪ. ಸಾರಿನಲ್ಲಿ ಹಾಕುವಷ್ಟು ಅರಿಶಿನಕ್ಕೆ ಚಿಂತೆ ಬೇಡ. ಗುಳಿಗೆಯಾಗಿ ಕೊಡುವುದಾದರೆ ತಂದೆಯವರ ವೈದ್ಯರನ್ನು ಕೇಳದೆ ಕೊಡಬೇಡಿ. ಬೆವಾಸಿಜುಮಾಬ್ ಪಡೆಯುವವರಲ್ಲಿ ರಕ್ತದೊತ್ತಡ ಏರುವುದು, ರಕ್ತಸ್ರಾವ, ಗಾಯ ಮಾಯದಿರುವುದು ಉಂಟು. ಹಲ್ಲು ಕೀಳಿಸುವುದಿದ್ದರೂ ಮೊದಲು ಅವರಿಗೆ ತಿಳಿಸಿ. ತೀವ್ರವಾದ ಹೊಟ್ಟೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಇಂಥ ಸಂಶೋಧನೆ ನಡೆಯುವ ಪ್ರಯೋಗಾಲಯಕ್ಕೆ ಸೇರಿದ್ದಾಳೆ. ಪ್ರಯೋಗ ಮುಗಿದು ಇಲಿಗಳನ್ನು ಕೊಂದ ದಿನ ಅವಳು ಊಟ ಮಾಡಲಿಲ್ಲವಂತೆ. ಫೋನಿನಲ್ಲಿ ಅವಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಆ ಜೀವಗಳಿಗೆ ನೋವಾಗುವುದಿಲ್ಲವೆ?
(ಗೃಹಿಣಿ, ಶಿರಸಿ)

ಉತ್ತರ: ಅಮ್ಮಾ, ನೋವಾಗುತ್ತದೆ. ಆಗುವುದಿಲ್ಲ ಎಂದು ನಾನು ಹೇಳಿದರೆ ಅದು ತಮ್ಮ ಮಗಳ ಊಟ ಬಿಟ್ಟ ರಾತ್ರಿಗೆ ಅವಮಾನ ಮಾಡಿದಂತೆ. ಅಲ್ಲಿ ಕೇಳಬೇಕಾದದ್ದು, ಆ ನೋವನ್ನು ಎಷ್ಟು ಕಡಿಮೆ ಮಾಡಿದ್ದಾರೆ ಮತ್ತು ಅದರಿಂದ ಪಡೆಯುವ ತಿಳಿವಳಿಕೆ ಬೇರೆ ಯಾವ ದಾರಿಯಲ್ಲೂ ಸಿಗುತ್ತಿರಲಿಲ್ಲವೆ ಎಂಬುದನ್ನು.

ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿ ಇದಕ್ಕೆಂದೇ ಕೇಂದ್ರ ಸರಕಾರದ ಸಮಿತಿಯೊಂದಿದೆ, 1998ರಲ್ಲಿ ರಚಿಸಿದ ನಿಯಮಗಳಿವೆ. ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕು ಮತ್ತು ಅಲ್ಲಿ ಪಶುವೈದ್ಯರು ಹಾಗೂ ಹೊರಗಿನ ಸದಸ್ಯರೂ ಇರುವ ನೀತಿಸಮಿತಿ ಇರಬೇಕು. ಎಷ್ಟು ಇಲಿ, ಏಕೆ ಅಷ್ಟು, ಯಾವ ಅರಿವಳಿಕೆ, ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸುತ್ತೀರಿ ಎಂಬುದನ್ನೆಲ್ಲ ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ಗಡ್ಡೆಯ ಪ್ರಯೋಗದಲ್ಲಿ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಗಡ್ಡೆಯ ಉದ್ದ, ಅಗಲವನ್ನು ಕ್ಯಾಲಿಪರ್‌ನಿಂದ ಅಳೆದು, ಅಗಲದ ವರ್ಗವನ್ನು ಉದ್ದದಿಂದ ಗುಣಿಸಿ ಅರ್ಧ ಮಾಡಿದರೆ ಗಾತ್ರ ಬರುತ್ತದೆ. ಅದು ಗೊತ್ತುಪಡಿಸಿದ ಮಿತಿ ಮುಟ್ಟಿದರೆ, ಗಡ್ಡೆ ಹುಣ್ಣಾದರೆ, ಇಲಿಯ ತೂಕ ಇಳಿದರೆ, ಅದು ಮೂಲೆ ಸೇರಿ ರೋಮ ನಿಗುರಿಸಿಕೊಂಡು ಬೆನ್ನು ಬಾಗಿಸಿ ಕೂತರೆ, ಅಂಕಿಅಂಶ ಪೂರ್ತಿಯಾಗಿರಲಿ ಬಿಡಲಿ, ಅಲ್ಲಿಗೆ ನಿಲ್ಲಿಸಬೇಕು. ಕಿಟಕಿಯ ಪದ್ಧತಿ ನನಗೆ ಮೆಚ್ಚುಗೆಯಾಗಲು ಇನ್ನೊಂದು ಕಾರಣ ಇಲ್ಲೇ ಇದೆ: ಮೊದಲು ಒಂದೊಂದು ದಿನದ ಸ್ಥಿತಿ ತಿಳಿಯಲು ಒಂದೊಂದು ಗುಂಪು ಇಲಿಗಳನ್ನು ಕೊಲ್ಲಬೇಕಾಗಿತ್ತು, ಈಗ ಅದೇ ಕೆಲವು ಇಲಿಗಳನ್ನು ಎಲ್ಲ ದಿನವೂ ನೋಡಬಹುದಾದ್ದರಿಂದ ಒಟ್ಟು ಸಂಖ್ಯೆ ತಗ್ಗುತ್ತದೆ. ಆದರೆ ಉಳಿದ ಆ ಕೆಲವು ಇಲಿಗಳು ಎರಡು ವಾರ ಬೆನ್ನಿನ ಮೇಲೆ ಚೌಕಟ್ಟು ಹೊತ್ತಿರಬೇಕು ಎಂಬುದನ್ನೂ ಮರೆಯುವಂತಿಲ್ಲ.

ಮಗಳಿಗೆ ಹೀಗೆ ಹೇಳಿ. ಅರಿವಳಿಕೆ ಪೂರ್ತಿ ಹಿಡಿದಿದೆಯೆ ಎಂದು ನೋಡಲು ಇಲಿಯ ಹಿಂಗಾಲಿನ ಬೆರಳನ್ನು ಬಿಗಿಯಾಗಿ ಒತ್ತುತ್ತಾರೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡರೆ ಇನ್ನೂ ಹಿಡಿದಿಲ್ಲ ಎಂದರ್ಥ. ಹೊತ್ತಾಯಿತು ಎಂದು ಯಾರಾದರೂ ಅವಸರಪಡಿಸಿದರೂ ಅವಳು ಆ ಪರೀಕ್ಷೆಯನ್ನು ಬಿಡದಿರಲಿ. ಕಿಟಕಿ ಇಟ್ಟ ಮೇಲೆ ನೋವುನಿವಾರಕವನ್ನು ಹೇಳಿದ ಹೊತ್ತಿಗೆ ಕೊಟ್ಟು, ಕೊಟ್ಟ ಹೊತ್ತನ್ನು ಬರೆದಿಡಲಿ. ರಜೆಯ ದಿನ ಇಲಿಗಳನ್ನು ನೋಡುವವರು ಯಾರು ಎಂದು ಕೇಳಿ ತಿಳಿದುಕೊಳ್ಳಲಿ, ಯಾರೂ ಇಲ್ಲದಿದ್ದರೆ ಅಲ್ಲಿಯ ಪಶುವೈದ್ಯರಿಗೆ ತಿಳಿಸಲಿ. ಊಟ ಸೇರದ ದಿನಗಳು ನನಗೂ ಇದ್ದವು. ಆ ದಿನಗಳಲ್ಲಿ ಬರೆದ ಪ್ರಯೋಗದ ಟಿಪ್ಪಣಿ ಪುಸ್ತಕಗಳಲ್ಲೇ ನನ್ನ ದಾಖಲೆಗಳು ಹೆಚ್ಚು ಎಚ್ಚರದವು. ಅವಳು ಮುಂದಿನ ಸಲ ಫೋನು ಮಾಡಿದಾಗ ಇಲಿಗಳ ಬಗ್ಗೆ ತಾವೇ ಮೊದಲು ಕೇಳಿ.